ಟಕ್ ಟಕ್ ಸದ್ದು ಇದ್ರೆ ಮೊದಲು ಫೈಲ್ ಉಳಿಸಿಕೊಳ್ಳಿ

ಸರ್, ನಿಮ್ಮ ಲ್ಯಾಪ್‌ಟಾಪ್ ಆನ್ ಆಗೋಕೆ ಹತ್ತು ನಿಮಿಷ, ಟಾಸ್ಕ್ ಮ್ಯಾನೇಜರ್‌ನಲ್ಲಿ ಡಿಸ್ಕ್ ಸದಾ 100%, ಜೊತೆಗೆ ಟಕ್ ಟಕ್ ಸದ್ದು ಅಂದಿದ್ದೀರಿ. ಬರೀ 100% ಆಗಿದ್ರೆ ಅಪ್‌ಡೇಟೋ ಆಂಟಿವೈರಸ್ಸೋ ಅನ್ನಬಹುದಿತ್ತು. ಆ ಸದ್ದು ಮಾತ್ರ ಒಳ್ಳೇದಲ್ಲ, ಹಾರ್ಡ್ ಡಿಸ್ಕ್ ಕೆಡ್ತಿರೋ ಲಕ್ಷಣ ಇರಬಹುದು.

ಚೆಕ್‌ಡಿಸ್ಕ್‌ಗೆ (ಡಿಸ್ಕ್ ತಪಾಸಣೆ ಮಾಡೋ ವಿಂಡೋಸ್ ಸಾಧನ) ಈಗಲೇ ಕೈ ಹಾಕಬೇಡಿ, ಸಾಯ್ತಿರೋ ಡಿಸ್ಕನ್ನ ಅದು ಇನ್ನಷ್ಟು ದುಡಿಸುತ್ತೆ. ಮೊದಲು ಫೋಟೊ, ಕಾಗದಪತ್ರ ಎಲ್ಲ ಬೇರೆ ಡ್ರೈವ್‌ಗೆ ಹಾಕ್ಕೊಳ್ಳಿ. ಆಮೇಲೆ ಕ್ರಿಸ್ಟಲ್‌ಡಿಸ್ಕ್‌ಇನ್ಫೊ (ಡಿಸ್ಕ್ ಆರೋಗ್ಯ ತೋರಿಸೋ ಪ್ರೋಗ್ರಾಂ, ಪುಕ್ಕಟೆ ಸಿಗುತ್ತೆ) ತೆರೆದು 05 ಮತ್ತು ಸಿ5 ಸಾಲುಗಳ ಕೊನೇ ಅಂಕಿ ನೋಡಿ. 05 ಅಂದ್ರೆ ಕೆಟ್ಟು ಬದಲಿ ಪಡೆದಿರೋ ಸೆಕ್ಟರ್‌ಗಳು (ಡಿಸ್ಕ್‌ನ ಚಿಕ್ಕ ಚಿಕ್ಕ ಭಾಗಗಳು), ಸಿ5 ಅಂದ್ರೆ ಓದೋಕಾಗದೆ ಬಾಕಿ ಬಿದ್ದಿರೋ ಸೆಕ್ಟರ್‌ಗಳು. ನನ್ನ ಡಿಸ್ಕ್‌ನಲ್ಲಿ ಸಿ5 ಸೋಮವಾರ 8 ಇತ್ತು, ಶುಕ್ರವಾರಕ್ಕೆ 200 ದಾಟಿತ್ತು!

ಅಂಕಿ ಏರ್ತಿದ್ರೆ ರಿಪೇರಿ ಮಾತು ಬಿಡಿ, ಡಿಸ್ಕ್ ಬದಲಿಸಿ. ಹಳೇದು 2.5 ಇಂಚಿನ ಸಾಟಾ ಹಾರ್ಡ್ ಡಿಸ್ಕ್ ಆಗಿದ್ರೆ, ಅದೇ ಅಳತೆಯ ಸಾಟಾ (ಡಿಸ್ಕ್ ಜೋಡಿಸೋ ಕನೆಕ್ಟರ್ ಬಗೆ) ಎಸ್‌ಎಸ್‌ಡಿ, ಅಂದ್ರೆ ತಿರುಗೋ ಭಾಗವಿಲ್ಲದ ಡ್ರೈವ್, ಅದೇ ಜಾಗದಲ್ಲಿ ಕೂರುತ್ತೆ.