ಕಂಪನಿ ಯಾವುದು ಎಂದು ಕೇಳುವ ಮೊದಲು ಸಿಮ್ ಯಾವ ಕಾಲದ್ದು ಎಂದು ನೋಡಿ

ಪೋರ್ಟ್ ಮಾಡಬೇಡಿ. ಈ ಉತ್ತರ ಓದಿ ಮುಗಿಸುವವರೆಗಾದರೂ ಮಾಡಬೇಡಿ. "ಕಂಪನಿಯವರು ನೆಟ್‌ವರ್ಕ್ ಮೇಲ್ದರ್ಜೆಗೆ ಏರಿಸಿದ ಮೇಲೆ ಊರಿನಲ್ಲಿರುವ ಅಮ್ಮನ ಫೋನಿಗೆ ಕರೆಯೇ ಹೋಗುತ್ತಿಲ್ಲ, ಯಾವ ಕಂಪನಿಗೆ ಬದಲಾಗಲಿ" ಎಂದು ಕೇಳಿದ್ದೀರಿ. ಇದೇ ಪ್ರಶ್ನೆಯನ್ನು ನಾನೂ ಸಿಕ್ಕಸಿಕ್ಕವರಿಗೆಲ್ಲ ಕೇಳಿದ್ದೆ. ಅವರು ಹೇಳಿದ ಕಂಪನಿಗೆ ಅಪ್ಪನ ನಂಬರನ್ನು ಬದಲಾಯಿಸಿದೆ. ಆ ವರ್ಷ ನಮ್ಮ ಅಡಿಕೆ ತೋಟದ ಫಸಲಿನ ದೊಡ್ಡ ಪಾಲು ಕೊಳೆರೋಗಕ್ಕೆ ಹೋಯಿತು.

ನಮ್ಮದು ಹೊಸನಗರ ತಾಲ್ಲೂಕು. ನಾನಿರುವುದು ಬೆಂಗಳೂರಿನಲ್ಲಿ. ಮಳೆಗಾಲದಲ್ಲಿ ಅಡಿಕೆಗೆ ಕೊಳೆರೋಗ ತಡೆಯುವ ಬೋರ್ಡೋ ದ್ರಾವಣ ಹೊಡೆಯಬೇಕಾದರೆ ಮಳೆ ಹೊಳವಾಗಬೇಕು, ಅದೇ ದಿನ ಮರ ಹತ್ತುವವರು ಸಿಗಬೇಕು. ಇವೆರಡೂ ಕೂಡಿಬರುವುದು ಅಪರೂಪ. ಔಷಧ ಹೊಡೆಯುವವರು ಹಿಂದಿನ ರಾತ್ರಿ ಫೋನ್ ಮಾಡಿ "ನಾಳೆ ಬರಲೇ" ಎಂದು ಕೇಳುತ್ತಾರೆ. ಕರೆ ಸಿಗದಿದ್ದರೆ ಮುಂದಿನ ತೋಟಕ್ಕೆ ಹೋಗುತ್ತಾರೆ. ಅದು ಅವರ ತಪ್ಪಲ್ಲ.

ಖಾಸಗಿ ಕಂಪನಿಗಳು 2019ರಿಂದೀಚೆಗೆ 3ಜಿ ಸೇವೆಯನ್ನು ಒಂದೊಂದೇ ಕಡೆ ನಿಲ್ಲಿಸಿ, ಅದಕ್ಕೆ ಬಳಸುತ್ತಿದ್ದ ತರಂಗಾಂತರವನ್ನು 4ಜಿಗೆ ಕೊಡುತ್ತ ಬಂದವು. ನಮ್ಮ ಕಡೆಗೂ ಆ ಸರದಿ ಬಂದಾಗ ಅಪ್ಪನ ಫೋನ್ ಸೊರಗಿತು. ಕರೆ ಹೋದರೆ ನಡುವೆ ಕಡಿಯುತ್ತಿತ್ತು, ವಾಟ್ಸ್‌ಆ್ಯಪ್ ಚಿತ್ರ ತೆರೆದುಕೊಳ್ಳುತ್ತಲೇ ಇರಲಿಲ್ಲ. ಗ್ರಾಹಕ ಸೇವೆಗೆ ಕರೆ ಮಾಡಿದರೆ "ನಿಮ್ಮ ಪ್ರದೇಶದಲ್ಲಿ ನೆಟ್‌ವರ್ಕ್ ಉನ್ನತೀಕರಿಸಲಾಗಿದೆ" ಎಂಬ ಒಂದೇ ಮಾತು. ನನಗೆ ಸಿಟ್ಟು ನೆತ್ತಿಗೇರಿತು. ಊರಿಗೆ ಹೋದವನೇ 1900ಕ್ಕೆ ಸಂದೇಶ ಕಳಿಸಿ, ಪೋರ್ಟ್ ಕೋಡ್ ಪಡೆದು, ಪೇಟೆಯ ಅಂಗಡಿಯಲ್ಲಿ ಹೊಸ ಸಿಮ್ ತೆಗೆದುಕೊಂಡೆ.

ನಾನು ಎಡವಿದ್ದು ಇಲ್ಲೇ. ನೀವೂ ಅಲ್ಲೇ ನಿಂತಿರುವುದರಿಂದ ಇದನ್ನು ಬಿಡಿಸಿ ಹೇಳುತ್ತೇನೆ. ಹೊಸ ಕಂಪನಿಯ ಸಿಗ್ನಲ್ಲನ್ನು ನಾನು ನೋಡಿದ್ದು ಹೊಸನಗರದ ಬಸ್ ನಿಲ್ದಾಣದಲ್ಲಿ, ಸ್ನೇಹಿತನ ಫೋನಿನಲ್ಲಿ. ಕಡ್ಡಿಗಳೆಲ್ಲ ತುಂಬಿದ್ದವು. ನಮ್ಮ ಮನೆಯ ಅಂಗಳದಿಂದ ಗುಡ್ಡದ ಮೇಲಿನ ಟವರ್ ಕಾಣುತ್ತದೆ, ಆದ್ದರಿಂದ ಮನೆಗೂ ಸಿಗ್ನಲ್ ಬಂದೇ ಬರುತ್ತದೆ ಎಂದುಕೊಂಡೆ. ಆದರೆ ಟವರ್ ಎಂಬುದು ಬರೀ ಕಂಬ. ಒಂದೇ ಕಂಬವನ್ನು ಹಲವು ಕಂಪನಿಗಳು ಬಾಡಿಗೆಗೆ ಪಡೆದು ತಮ್ಮ ತಮ್ಮ ಆಂಟೆನಾ ಕಟ್ಟುತ್ತವೆ. ಆ ಗುಡ್ಡದ ಕಂಬದಲ್ಲಿ ನಾನು ಆರಿಸಿದ ಕಂಪನಿಯ ಆಂಟೆನಾ ಇರಲೇ ಇಲ್ಲ. ಅದರ ಟವರ್ ಇದ್ದದ್ದು ಪೇಟೆಯಲ್ಲಿ, ಗುಡ್ಡದ ಆಚೆ. ಅಲ್ಲಿಂದ ಅದು 4ಜಿ ಕೊಡುತ್ತಿದ್ದದ್ದು 2300 ಮೆಗಾಹರ್ಟ್ಸ್‌ನಲ್ಲಿ. ಈ ಮೆಗಾಹರ್ಟ್ಸ್ ಸಂಖ್ಯೆ ಮೇಲೇರಿದಷ್ಟೂ ಸಿಗ್ನಲ್ ಸಾಗುವ ದೂರ ಕಡಿಮೆ, ಗೋಡೆ ತೂರುವ ಶಕ್ತಿಯೂ ಕಡಿಮೆ. ಮಳೆಯಲ್ಲಿ ನೆನೆದ ದಟ್ಟ ತೋಟ ಅಡ್ಡ ಇದ್ದರೆ ಇನ್ನೂ ಕಡಿಮೆ. ಪೇಟೆಯ ಬಯಲಿನಲ್ಲಿ ತುಂಬಿದ್ದ ಕಡ್ಡಿಗಳಲ್ಲಿ ನಮ್ಮ ಜಗುಲಿಯವರೆಗೆ ಒಂದೂ ಬರಲಿಲ್ಲ.

ಒಮ್ಮೆ ಪೋರ್ಟ್ ಆದರೆ 90 ದಿನ ಇನ್ನೊಂದು ಕಂಪನಿಗೆ ಹೋಗುವಂತಿಲ್ಲ. ಅಪ್ಪನ ಮಟ್ಟಿಗೆ ಆ 90 ದಿನ ಎಂದರೆ ಇಡೀ ಮಳೆಗಾಲ. ಔಷಧ ಹೊಡೆಯುವವರು ಕರೆ ಮಾಡಿದಾಗಲೆಲ್ಲ "ವ್ಯಾಪ್ತಿ ಪ್ರದೇಶದ ಹೊರಗಿದ್ದಾರೆ" ಎಂಬ ಧ್ವನಿ. ಎರಡನೆಯ ಔಷಧ ತಡವಾಯಿತು. ಎಳೆಯ ಕಾಯಿಗಳು ಕೊಳೆತು ಮರದ ಬುಡಕ್ಕೆ ಉದುರಿದವು.

ಅಷ್ಟರಲ್ಲಿ ಒಮ್ಮೆ ಭಾವ ಊರಿಗೆ ಬಂದರು. ಅವರದು ನಾವು ಬಿಟ್ಟುಬಂದ ಅದೇ ಹಳೆಯ ಕಂಪನಿ. ನಮ್ಮ ಅಡುಗೆಮನೆಯಲ್ಲಿ ನಿಂತು ಅರ್ಧ ಗಂಟೆ ನಿರಾಯಾಸವಾಗಿ ಮಾತನಾಡಿದರು. ಆಗ ವಿಷಯ ತಿಳಿಯಿತು. ಗುಡ್ಡದ ಕಂಬದಿಂದ ಹಳೆಯ ಕಂಪನಿ 900 ಮೆಗಾಹರ್ಟ್ಸ್‌ನಲ್ಲಿ 4ಜಿ ಕೊಡುತ್ತಿತ್ತು, ಅದು ಒಳಮನೆಯವರೆಗೂ ಬರುತ್ತಿತ್ತು. ಅಪ್ಪನ ಫೋನೂ 4ಜಿಯದೇ, ಆದರೆ ಅದರೊಳಗಿದ್ದ ಸಿಮ್ ಮಾತ್ರ ಬಹಳ ಹಳೆಯದು, 4ಜಿಗೆ ಒಗ್ಗದ್ದು. 3ಜಿ ಇರುವವರೆಗೆ ಅದರ ಮೇಲೆ ನಡೆಯುತ್ತಿತ್ತು, ನಿಂತ ದಿನದಿಂದ ಅಳಿದುಳಿದ 2ಜಿಗೆ ಇಳಿದಿತ್ತು. ಅಂಗಡಿಗೆ ಹೋಗಿ ಸಿಮ್ ಬದಲಿಸಿಕೊಂಡಿದ್ದರೆ ಮುಗಿಯುತ್ತಿತ್ತು. ಹಾಗೆ ಮಾಡಿ ಎಂದು ಕಂಪನಿ ಸಂದೇಶವನ್ನೂ ಕಳಿಸಿತ್ತು, ಇಂಗ್ಲಿಷಿನಲ್ಲಿ! ಅಪ್ಪ ಅದನ್ನು ಜಾಹೀರಾತು ಎಂದುಕೊಂಡು ಅಳಿಸಿದ್ದರು. ಓದಲು ಬಾರದ ಭಾಷೆಯಲ್ಲಿ ಒಂದು ಸಾಲು ಕಳಿಸಿ, ಎಪ್ಪತ್ತು ದಾಟಿದವರ ಸೇವೆಯನ್ನು ನಿಲ್ಲಿಸುವುದನ್ನು ಉನ್ನತೀಕರಣ ಎಂದು ಕರೆಯಲು ನಾನು ಇವತ್ತಿಗೂ ಒಪ್ಪುವುದಿಲ್ಲ. ಹಣ ಪಡೆಯುವ ಕಂಪನಿ ಕನ್ನಡದಲ್ಲಿ ಕರೆ ಮಾಡಿ ತಿಳಿಸಬೇಕಿತ್ತು.

ಆದ್ದರಿಂದ "ಯಾವ ಕಂಪನಿ ಒಳ್ಳೆಯದು" ಎಂಬ ಪ್ರಶ್ನೆಯೇ ಸರಿಯಿಲ್ಲ ಎನ್ನುತ್ತೇನೆ. ರಾಜ್ಯಕ್ಕೆಲ್ಲ ಒಳ್ಳೆಯದಾದ ಕಂಪನಿ ನಿಮ್ಮ ಅಮ್ಮನ ಅಡುಗೆಮನೆಯಲ್ಲಿ ಸತ್ತಂತಿರಬಹುದು. ಮೊದಲು ಸಿಮ್ ಯಾವ ವರ್ಷದ್ದು ನೋಡಿ, ಹಳೆಯದಾದರೆ ಬದಲಿಸಿ. ಬದಲಿಸಿದ ಮೊದಲ 24 ಗಂಟೆ ಎಸ್‌ಎಂಎಸ್ ಬರುವುದಿಲ್ಲ, ಬ್ಯಾಂಕಿನ ಕೆಲಸವಿದ್ದರೆ ಮುಂಚೆಯೇ ಮುಗಿಸಿಕೊಳ್ಳಿ. ಇನ್ನೊಂದು ಮಾತು: 2024ರ ಜುಲೈ 1ರಿಂದ ಸಿಮ್ ಬದಲಿಸಿದ ಏಳು ದಿನ ಪೋರ್ಟ್ ಕೋಡ್ ಕೊಡುವುದಿಲ್ಲ. ಆ ಏಳು ದಿನ ಕಾದು ನೋಡಿದರೆ ನಷ್ಟವೇನಿಲ್ಲ. ಆಮೇಲೆ ಸೆಟ್ಟಿಂಗ್ಸ್‌ನಲ್ಲಿ 4ಜಿಯ ಮೇಲೆಯೇ ಕರೆ ನಡೆಸುವ ವಿಒಎಲ್‌ಟಿಇ (VoLTE) ಚಾಲೂ ಇದೆಯೇ ನೋಡಿ. ಅದಿಲ್ಲದಿದ್ದರೆ 4ಜಿ ಸಿಗ್ನಲ್ ತುಂಬಿದ್ದರೂ ಕರೆ ಬಂದಾಗ ಫೋನ್ 2ಜಿಗೆ ಇಳಿಯುತ್ತದೆ. ಫೋನ್ 5ಜಿಯದಾಗಿದ್ದು ಮನೆಯೊಳಗೆ 5ಜಿ ಬಂದುಹೋಗಿ ಮಾಡುತ್ತಿದ್ದರೆ 4ಜಿಗೆ ಕಟ್ಟಿಹಾಕಿ. ಮನೆಗೆ ಫೈಬರ್ ಬಂದಿದ್ದರೆ ಟವರಿನ ಬದಲು ಮನೆಯ ಇಂಟರ್ನೆಟ್ ಮೂಲಕ ಹೋಗುವ ವೈಫೈ ಕರೆಯನ್ನು ಚಾಲೂ ಮಾಡಿ. ನನ್ನ ಮಟ್ಟಿಗೆ ಮಲೆನಾಡಿನ ಮನೆಗಳಿಗೆ ಇದಕ್ಕಿಂತ ಒಳ್ಳೆಯ ಉಪಾಯ ಇನ್ನೊಂದಿಲ್ಲ.

ಇಷ್ಟಾಗಿಯೂ ಬದಲಾಯಿಸಲೇಬೇಕೆಂದಿದ್ದರೆ, ಆ ಕಂಪನಿಯ ಸಿಮ್ ಇರುವ ಯಾರನ್ನಾದರೂ ಮನೆಗೇ ಕರೆಸಿ. ಅಮ್ಮ ಕುಳಿತು ಮಾತನಾಡುವ ಜಾಗದಿಂದಲೇ ಕರೆ ಮಾಡಿಸಿ, ಸಂಜೆ ಒಮ್ಮೆ, ಕರೆಂಟ್ ಹೋದಾಗ ಒಮ್ಮೆ. ಟವರಿನ ಬ್ಯಾಟರಿಯ ಯೋಗ್ಯತೆ ತಿಳಿಯುವುದು ಆಗಲೇ.

ಸೆಟ್ಟಿಂಗ್ಸ್ ಎಲ್ಲ ಸರಿಯಿದ್ದೂ ಸಿಗ್ನಲ್ ಇಲ್ಲವೆಂದರೆ ಬಾಯಿಮಾತಿನ ಜಗಳ ಬಿಡಿ. 198ಕ್ಕೆ ಕರೆ ಮಾಡಿ, ದೂರಿನ ಸಂಖ್ಯೆ ಬರೆದಿಟ್ಟುಕೊಳ್ಳಿ. ಪರಿಹಾರ ತೃಪ್ತಿ ತರದಿದ್ದರೆ ಅದೇ ಕಂಪನಿಯ ಮೇಲ್ಮನವಿ ಪ್ರಾಧಿಕಾರಕ್ಕೆ 30 ದಿನಗಳೊಳಗೆ ಬರೆಯಬಹುದು, ಶುಲ್ಕವಿಲ್ಲ, 39 ದಿನಗಳೊಳಗೆ ಅವರು ತೀರ್ಮಾನಿಸಬೇಕು. ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರವಾದ ಟ್ರಾಯ್‌ಗೆ ನೇರವಾಗಿ ಬರೆದು ಕಾಯಬೇಡಿ, ಒಬ್ಬೊಬ್ಬರ ದೂರನ್ನು ಅದು ತಾನೇ ವಿಚಾರಣೆ ಮಾಡುವುದಿಲ್ಲ. ಗ್ರಾಹಕ ಆಯೋಗದ ಬಾಗಿಲು ಮಾತ್ರ ತೆರೆದಿದೆ: ದೂರವಾಣಿ ಕಂಪನಿಗಳ ಮೇಲಿನ ದೂರನ್ನು ಅಲ್ಲಿ ಕೇಳಬಹುದು ಎಂದು ಸುಪ್ರೀಂ ಕೋರ್ಟ್ 2022ರ ಫೆಬ್ರುವರಿಯಲ್ಲಿ ಸ್ಪಷ್ಟಪಡಿಸಿದೆ.

ನಿಮ್ಮ ಅಮ್ಮನ ಫೋನಿನ ಮಾದರಿ, ಸಿಮ್ ತೆಗೆದುಕೊಂಡ ವರ್ಷ, ಕರೆ ಕಡಿಯುವಾಗ ಪರದೆಯ ಮೇಲೆ 4ಜಿ ಎಂದು ಬರುತ್ತದೆಯೋ 2ಜಿಯ ಗುರುತಾದ ಬರೀ ಇ (E) ಅಕ್ಷರವೋ, ಇಷ್ಟನ್ನು ಕೆಳಗೆ ಬರೆಯಿರಿ. ಮುಂದಿನದನ್ನು ನೋಡಿ ಹೇಳುತ್ತೇನೆ.