ನಲ್ಲಿ ನೀರು ಬಿಟ್ಟರೂ ಎಕ್ಸಾಸ್ಟ್‌ನಿಂದ ಹೊರಗೆ ಬರುತ್ತಿಲ್ಲ. ಬೋಟಿನ ಇಂಜಿನ್ ತೊಳೆಯಲು ಪ್ರೆಶರ್ ಪಂಪ್ ತರಲಾ?

ಮೊದಲು ನಲ್ಲಿ ಬಂದ್ ಮಾಡಿ. ಆಮೇಲೆ ಇಂಜಿನ್ ಕೀ ತೆಗೆದು ಜೇಬಿಗೆ ಹಾಕಿಕೊಳ್ಳಿ. ಇಷ್ಟು ಮಾಡಿ ಮುಂದೆ ಓದಿ.

ನಿಮ್ಮ ಪ್ರಶ್ನೆ ಓದಿ ಎದೆ ಧಸಕ್ಕೆಂದಿತು. ಬೋಟಿನ ಒಳಗೆ ಕೂರಿಸಿದ ಹಳೇ ಎರಡು ಸಿಲಿಂಡರ್ ಡೀಸೆಲ್, ಸಮುದ್ರದ ನೀರಿನಲ್ಲೇ ನೇರವಾಗಿ ತಣ್ಣಗಾಗುವಂಥದ್ದು. ಪಂಪಿನ ಬಾಯಿಗೆ ನಲ್ಲಿ ಪೈಪು ಬಿಗಿದು, ಇಂಜಿನ್ ಆಫ್ ಇಟ್ಟುಕೊಂಡೇ ಕಾಲು ಗಂಟೆ ಸಿಹಿನೀರು ಬಿಟ್ಟಿದ್ದೀರಿ. ಹೊರಗೆ ಒಂದು ಹನಿ ಬಂದಿಲ್ಲ. ಹಾಗಾಗಿ ಪ್ರೆಶರ್ ಸಾಲದು ಅಂದುಕೊಂಡಿದ್ದೀರಿ. ಆರು ವರ್ಷದ ಹಿಂದೆ ನಾನೂ ಇದನ್ನೇ ಮಾಡಿದ್ದೆ, ಇದನ್ನೇ ಅಂದುಕೊಂಡಿದ್ದೆ.

ಅದಕ್ಕೂ ಮುಂಚೆ ನನಗೆ ಗೊತ್ತಿದ್ದದ್ದು ಔಟ್‌ಬೋರ್ಡ್, ಅಂದರೆ ಬೋಟಿನ ಹಿಂಬದಿಗೆ ಹೊರಗಡೆ ಸಿಕ್ಕಿಸುವ ಇಂಜಿನ್ ಮಾತ್ರ. ಅದರ ಕೆಳಗಿನ ಕಾಲಿಗೆ ಎರಡು ಕಡೆಯಿಂದ ರಬ್ಬರ್ ಬಟ್ಟಲು ಕಚ್ಚಿಸುತ್ತಿದ್ದೆ. ಮೊದಲು ನಲ್ಲಿ ತಿರುಗಿಸುವುದು, ಆಮೇಲೆ ಇಂಜಿನ್ ಸ್ಟಾರ್ಟ್ ಮಾಡುವುದು. ಹಿಂದಿನ ಸಣ್ಣ ತೂತಿನಿಂದ ನೀರಿನ ಧಾರೆ ಬಂತಾ ನೋಡಿ, ಹತ್ತು ನಿಮಿಷ ನ್ಯೂಟ್ರಲ್‌ನಲ್ಲಿ ಓಡಿಸಿ, ಮೊದಲು ಇಂಜಿನ್, ಆಮೇಲೆ ನಲ್ಲಿ ಬಂದ್ ಮಾಡುವುದು. ಔಟ್‌ಬೋರ್ಡಿಗೆ ಈ ಕ್ರಮವೇ ಸರಿ. ನೀರಿಲ್ಲದೆ ತಿರುಗಿದರೆ ಪಂಪಿನ ಒಳಗೆ ತಿರುಗಿ ನೀರು ತಳ್ಳುವ ರಬ್ಬರ್ ಚಕ್ರ (ಇಂಪೆಲ್ಲರ್) ಕೆಲವೇ ಕ್ಷಣಗಳಲ್ಲಿ ಸುಡಲು ಶುರುವಾಗುತ್ತದೆ. ಹೆಚ್ಚಾದ ನೀರು ಕಾಲಿನ ಒಳಗಿಂದ ತಾನಾಗಿಯೇ ಕೆಳಗೆ ಇಳಿದು ಹೋಗುತ್ತದೆ.

ನಾನು ಮಾಡಿದ ತಪ್ಪು ಅಂದರೆ, ಈ ಕ್ರಮವನ್ನು ಒಂದಿಷ್ಟೂ ಯೋಚಿಸದೆ ಇನ್‌ಬೋರ್ಡ್ ಇಂಜಿನ್ನಿಗೆ, ಅಂದರೆ ನಿಮ್ಮದರ ಹಾಗೆ ಬೋಟಿನ ಒಳಗೆ ಕೂರಿಸಿದ್ದಕ್ಕೆ, ತಂದದ್ದು. ನೀರು ಮೊದಲು, ಇಂಜಿನ್ ಆಮೇಲೆ. ಅದರಲ್ಲೂ ಇಂಜಿನ್ ಸ್ಟಾರ್ಟ್ ಮಾಡುವುದೇ ಬೇಡ, ಸುಮ್ನೆ ನೀರು ಹರಿದರೆ ಉಪ್ಪು ಹೋಗುತ್ತದೆ ಅಂದುಕೊಂಡೆ.

ಒಳಗೆ ಆಗುವುದು ಏನು ಅಂತ ನಿಧಾನವಾಗಿ ಹೇಳುತ್ತೇನೆ. ಪಂಪು ನಿಂತಿದ್ದರೂ ನಲ್ಲಿಯ ಒತ್ತಡಕ್ಕೆ ಇಂಪೆಲ್ಲರ್‌ನ ರಬ್ಬರ್ ಎಲೆಗಳು ಬಾಗುತ್ತವೆ. ನೀರು ಅವುಗಳ ಪಕ್ಕದಿಂದ ನುಸುಳಿ ಇಂಜಿನ್ ಸುತ್ತಿ, ಕೊನೆಗೆ ಎಕ್ಸಾಸ್ಟ್ ಮೊಣಕೈಗೆ (ಹೊಗೆಯ ಜೊತೆ ನೀರು ಸೇರುವ ಬಾಗಿದ ಪೈಪು) ಬಂದು ಸೈಲೆನ್ಸರ್ ಡಬ್ಬಕ್ಕೆ ಬೀಳುತ್ತದೆ. ಆ ಡಬ್ಬ ಇರುವುದು ತಗ್ಗಿನಲ್ಲಿ. ಅಲ್ಲಿಂದ ಹೊರಗೆ ಹೋಗುವ ಪೈಪು ಮೇಲಕ್ಕೆ ಏರಿ ಆಮೇಲೆ ಇಳಿಯುತ್ತದೆ. ಇಂಜಿನ್ ಓಡುತ್ತಿದ್ದರೆ ಹೊಗೆಯೇ ಆ ನೀರನ್ನು ಮೇಲಕ್ಕೆ ತಳ್ಳಿ ಹೊರಗೆ ಉಗುಳುತ್ತದೆ. ಇಂಜಿನ್ ನಿಂತಿದ್ದರೆ ತಳ್ಳುವವರು ಯಾರು? ಡಬ್ಬ ತುಂಬುತ್ತದೆ. ಪೈಪು ತುಂಬುತ್ತಾ ಹಿಂದಕ್ಕೂ ಏರುತ್ತದೆ. ಮೊಣಕೈ ದಾಟಿ, ತೆರೆದಿರುವ ಎಕ್ಸಾಸ್ಟ್ ವಾಲ್ವ್ ಮೂಲಕ ಸೀದಾ ಸಿಲಿಂಡರ್ ಒಳಗೆ ಇಳಿಯುತ್ತದೆ. ಹೊರಗೆ ಒಂದು ಹನಿಯೂ ಬರಲಿಲ್ಲ ಅಂದಿರಲ್ಲ, ಆ ನೀರೆಲ್ಲ ಈಗ ಒಳಗೇ ಇದೆ. ಪ್ರೆಶರ್ ಪಂಪ್ ತಂದಿದ್ದರೆ ಇನ್ನೂ ಬೇಗ ತುಂಬುತ್ತಿತ್ತು, ಅಷ್ಟೇ.

ಮಾರನೇ ಬೆಳಿಗ್ಗೆ ನಾನು ಬಟನ್ ಒತ್ತಿದೆ. ಟಕ್ ಅಂತ ಒಂದೇ ಸದ್ದು. ಬ್ಯಾಟರಿ ಇಳಿದಿದೆ ಅಂದುಕೊಂಡೆ. ಇನ್ನೊಂದು ಬ್ಯಾಟರಿ ತಂದು ಜೋಡಿಸಿ ಮತ್ತೆ ಒತ್ತಿದೆ. ಒಂದು ಸಿಲಿಂಡರ್ ಹೊತ್ತಿಕೊಂಡಿತು, ಇಂಜಿನ್ ಅರ್ಧ ಸುತ್ತು ಜೋರಾಗಿ ತಿರುಗಿತು, ಠಪ್ ಅಂತ ನಿಂತಿತು. ಬೋಟಿನ ಹಲಗೆ ಕಾಲಡಿಯಲ್ಲಿ ನಡುಗಿದ್ದು ಇವತ್ತಿಗೂ ನೆನಪಿದೆ. ಡೀಸೆಲ್ ಇಂಜಿನ್ ಗಾಳಿಯನ್ನು ಹೆಚ್ಚುಕಡಿಮೆ ಇಪ್ಪತ್ತನೇ ಒಂದು ಭಾಗಕ್ಕೆ ಒತ್ತುತ್ತದೆ. ಗಾಳಿ ಕುಗ್ಗುತ್ತದೆ, ನೀರು ಕುಗ್ಗುವುದಿಲ್ಲ. ಪಿಸ್ಟನ್ನಿಗೆ ಮೇಲೆ ಜಾಗ ಸಿಗದಿದ್ದಾಗ ಬಗ್ಗುವುದು ಅದನ್ನು ಕೆಳಗಿನ ಕ್ರ್ಯಾಂಕಿಗೆ, ಅಂದರೆ ಇಂಜಿನ್ನಿನ ತಿರುಗುವ ದಂಡಕ್ಕೆ, ಜೋಡಿಸುವ ಕನೆಕ್ಟಿಂಗ್ ರಾಡ್.

ಮೆಕ್ಯಾನಿಕ್ ಸಿಲಿಂಡರ್ ಮೇಲಿನ ಮುಚ್ಚಳ (ಹೆಡ್) ಬಿಚ್ಚಿ ಕ್ರ್ಯಾಂಕನ್ನು ಕೈಯಲ್ಲಿ ತಿರುಗಿಸಿ ತೋರಿಸಿದರು. ಒಂದು ಪಿಸ್ಟನ್ ಬ್ಲಾಕಿನ ಅಂಚಿಗೆ ಸರಿಸಮ ಬಂತು. ಇನ್ನೊಂದು ಎರಡು ಮಿಲಿಮೀಟರ್ ಕೆಳಗೇ ನಿಂತುಬಿಟ್ಟಿತು. ಬೆರಳಿಟ್ಟು ಸವರಿದರೆ ಮೆಟ್ಟಿಲಿನ ಹಾಗೆ ತಗಲುತ್ತಿತ್ತು. ಅಷ್ಟೇ ಬಾಗಿದ್ದು. ಆ ಎರಡು ಮಿಲಿಮೀಟರಿಗೆ ಇಡೀ ಇಂಜಿನ್ ಬೋಟಿನಿಂದ ಮೇಲೆತ್ತಬೇಕಾಯಿತು, ಸೀಸನ್ ಪೂರ್ತಿ ಬೋಟು ದಡದಲ್ಲೇ ಉಳಿಯಿತು.

ಈಗ, ಮುಂದೆ ನೀವು ತೊಳೆಯಬೇಕಾದ ಕ್ರಮ. ಆದರೆ ಒಳಗಿರುವ ನೀರು ತೆಗೆಯುವ ತನಕ ಸ್ಟಾರ್ಟ್ ಮಾಡಬೇಡಿ, ಅದನ್ನು ಕೊನೆಗೆ ಹೇಳುತ್ತೇನೆ. ಹೊಸದೇನನ್ನೂ ಕೊಳ್ಳಬೇಕಿಲ್ಲ, ಒಂದು ದೊಡ್ಡ ಬಕೆಟ್ ಸಾಕು. ನಲ್ಲಿಯನ್ನು ಇಂಜಿನ್ನಿಗೆ ನೇರವಾಗಿ ಜೋಡಿಸುವುದನ್ನು ನಾನು ಯಾರಿಗೂ ಹೇಳುವುದಿಲ್ಲ. ಇಂಜಿನ್ ಸ್ಟಾರ್ಟ್ ಮಾಡಿದ ಕೂಡಲೇ ನಲ್ಲಿ ತೆರೆದರೆ ಆಯಿತು ಅನ್ನುವವರಿದ್ದಾರೆ. ಮಾಡುವವರು ಮಾಡಲಿ. ಆದರೆ ಒಮ್ಮೆ ಇಂಜಿನ್ ತಾನಾಗಿ ನಿಂತು, ನೀವು ನಲ್ಲಿಯ ಹತ್ತಿರ ಓಡುವಷ್ಟರಲ್ಲಿ ಡಬ್ಬ ತುಂಬಿರುತ್ತದೆ. ಬಕೆಟ್ ಇಟ್ಟರೆ ಪಂಪು ತನಗೆ ಬೇಕಾದಷ್ಟೇ ಎಳೆದುಕೊಳ್ಳುತ್ತದೆ. ಇಂಜಿನ್ ನಿಂತರೆ ನೀರೂ ನಿಲ್ಲುತ್ತದೆ.

ಸಮುದ್ರದ ನೀರು ಒಳಗೆ ಬರುವ ವಾಲ್ವ್ (ಸೀಕಾಕ್) ಮುಚ್ಚಿ. ಪಂಪಿಗೆ ಹೋಗುವ ಪೈಪು ಬಿಚ್ಚಿ ಬಕೆಟ್ಟಿಗೆ ಇಳಿಬಿಡಿ. ಬಕೆಟ್ ಪಂಪಿಗಿಂತ ತಗ್ಗಿನಲ್ಲೇ ಇರಲಿ, ಮೇಲಿಟ್ಟರೆ ನೀರು ತಾನಾಗಿ ಇಳಿದುಕೊಂಡು ಹೋಗಬಹುದು. ಬಕೆಟ್ ತುಂಬಿದ ಮೇಲೆ ಇಂಜಿನ್ ಸ್ಟಾರ್ಟ್ ಮಾಡಿ, ಹಿಂದೆ ನೀರು ಉಗುಳುತ್ತಿದೆಯಾ ನೋಡಿ. ಉಗುಳದಿದ್ದರೆ ತಕ್ಷಣ ಆಫ್ ಮಾಡಿ. 20 ಲೀಟರ್ ಬಕೆಟ್ ಕೆಲವೇ ನಿಮಿಷಗಳಲ್ಲಿ ಖಾಲಿಯಾಗುತ್ತದೆ, ಹಾಗಾಗಿ ನಲ್ಲಿ ಪೈಪು ಬಕೆಟ್ಟಿಗೆ ಬೀಳುತ್ತಲೇ ಇರಲಿ, ಪಕ್ಕದಲ್ಲಿ ಒಬ್ಬರು ಇರಲಿ.

ಉಪ್ಪು ಹೋಗುವುದು ಜೋರು ನೀರಿಗಲ್ಲ, ಬಿಸಿಗೆ ಮತ್ತು ಹೊತ್ತಿಗೆ. ಇಂಜಿನ್ ತಣ್ಣಗಿದ್ದರೆ ಥರ್ಮೋಸ್ಟಾಟ್, ಅಂದರೆ ಬಿಸಿಗೆ ತಾನಾಗಿ ತೆರೆಯುವ ವಾಲ್ವ್, ಮುಚ್ಚಿರುತ್ತದೆ, ಬ್ಲಾಕಿನ ಒಳಗೆ ಸರಿಯಾಗಿ ನೀರೇ ಸುತ್ತುವುದಿಲ್ಲ. ನಿಮ್ಮಂಥ ಇಂಜಿನ್ನಿನಲ್ಲಿ ಅದು ಸಾಮಾನ್ಯವಾಗಿ 50–60 ಡಿಗ್ರಿ ಆಸುಪಾಸಿನಲ್ಲಿ ತೆರೆಯುತ್ತದೆ. ಹಾಗಾಗಿ ಬೋಟು ಓಡಿಸಿ ಬಂದು ಇಂಜಿನ್ ಬಿಸಿ ಇರುವಾಗಲೇ ಮಾಡಿ, ಹತ್ತು ಹದಿನೈದು ನಿಮಿಷ ಓಡಲಿ. ಸಮುದ್ರದ ಒಂದು ಲೀಟರ್ ನೀರಿನಲ್ಲಿ ಸುಮಾರು 35 ಗ್ರಾಂ ಉಪ್ಪಿದೆ. ಅದು ಸಿಹಿನೀರಿಗೆ ಕರಗಿ ಹೋಗುತ್ತದೆ. ಗಟ್ಟಿಯಾಗಿ ಕಚ್ಚಿಕೊಂಡ ಹಳೇ ಸುಣ್ಣದ ಪದರ ಮಾತ್ರ ಎಷ್ಟು ನೀರು ಬಿಟ್ಟರೂ ಹೋಗುವುದಿಲ್ಲ, ಅದಕ್ಕೆ ಬೇರೆ ಮದ್ದು.

ಇನ್ನೊಂದು ಮಾತು. ಪ್ರತಿ ಸಲ ತೊಳೆಯಲೇಬೇಕು ಅನ್ನುವ ಚಿಂತೆ ಬಿಡಿ. ನಾಳೆ ಮತ್ತೆ ಓಡಿಸುವ ಬೋಟಿಗೆ ಇವತ್ತು ತೊಳೆದು ಸಿಗುವ ಲಾಭ ಕಮ್ಮಿ. ಎರಡು ವಾರ ನಿಲ್ಲಿಸುವುದಿದ್ದರೆ ಖಂಡಿತ ತೊಳೆಯಿರಿ. ಅದಕ್ಕಿಂತ ಜಾಸ್ತಿ ಗಮನ ಸತುವಿನ ಆನೋಡ್ (ಇಂಜಿನ್ನಿನ ಬದಲು ತಾನು ಸವೆಯುವ ಲೋಹದ ತುಂಡು) ಕಡೆ ಕೊಡಿ. ಅರ್ಧ ಸವೆದಿದ್ದರೆ ಬದಲಾಯಿಸಿ. ಮತ್ತೆ, ಸೀಕಾಕ್ ಮುಚ್ಚಿದ್ದಾಗ ಕೀಯನ್ನು ಅದರ ಹಿಡಿಗೇ ನೇತುಹಾಕಿ. ಅದನ್ನು ತೆರೆಯದೆ ಸ್ಟಾರ್ಟ್ ಮಾಡಿ ಇಂಪೆಲ್ಲರ್ ಸುಟ್ಟುಕೊಂಡವರು ಬಹಳ ಜನ.

ಇವತ್ತು ಮಾಡಬೇಕಾದದ್ದು, ನಾಳೆಗೆ ಇಡಬೇಡಿ, ಸಿಲಿಂಡರ್ ಗೋಡೆಗೆ ತುಕ್ಕು ಬೇಗ ಹಿಡಿಯುತ್ತದೆ. ಸೈಲೆನ್ಸರ್ ಡಬ್ಬದ ಕೆಳಗಿನ ಪ್ಲಗ್ ಬಿಚ್ಚಿ ನೀರು ಇಳಿಸಿ. ಸಿಲಿಂಡರಿಗೆ ಡೀಸೆಲ್ ಚಿಮ್ಮಿಸುವ ಎರಡೂ ಇಂಜೆಕ್ಟರ್ ತೆಗೆಯಿರಿ, ಡೀಸೆಲ್ ಬರದಂತೆ ಸ್ಟಾಪ್ ಲಿವರ್ ಎಳೆದಿಡಿ. ಕ್ರ್ಯಾಂಕ್ ಬೋಲ್ಟಿಗೆ ಸ್ಪ್ಯಾನರ್ ಹಾಕಿ, ಇಂಜಿನ್ ಓಡುವ ದಿಕ್ಕಿಗೇ ನಿಧಾನವಾಗಿ ಕೈಯಲ್ಲಿ ತಿರುಗಿಸಿ. ನೀರಿದ್ದರೆ ಇಂಜೆಕ್ಟರ್ ತೂತಿನಿಂದ ಮೇಲಕ್ಕೆ ಬರುತ್ತದೆ, ಮುಖ ದೂರ ಇಟ್ಟುಕೊಳ್ಳಿ. ಪೂರ್ತಿ ಒಣಗಿದ ಮೇಲೆ ಆಯಿಲ್ ಅಳೆಯುವ ಕಡ್ಡಿ (ಡಿಪ್‌ಸ್ಟಿಕ್) ನೋಡಿ. ಆಯಿಲ್ ನೊರೆನೊರೆಯಾಗಿ ಬೆಳ್ಳಗೆ ತಿರುಗಿದ್ದರೆ ಆಯಿಲ್, ಫಿಲ್ಟರ್ ಎರಡೂ ಬದಲಾಯಿಸಿ. ಬಿಚ್ಚಿದ ಪ್ಲಗ್, ಇಂಜೆಕ್ಟರ್ ವಾಪಸ್ ಕೂರಿಸಿ ಇಂಜಿನ್ ಓಡಿಸಿ ಬಿಸಿ ಮಾಡಿ, ಮತ್ತೆ ಒಮ್ಮೆ ಆಯಿಲ್ ಬದಲಾಯಿಸಿ. ಸ್ಪ್ಯಾನರ್ ಎಲ್ಲಾದರೂ ಬಿಗಿಯಾಗಿ ನಿಂತರೆ ಬಲ ಹಾಕಬೇಡಿ, ಅಲ್ಲಿಗೇ ಬಿಟ್ಟು ಮೆಕ್ಯಾನಿಕ್ ಕರೆಸಿ. ನೀವಿನ್ನೂ ಒಮ್ಮೆಯೂ ಬಟನ್ ಒತ್ತಿಲ್ಲ ಅಂದಿದ್ದೀರಿ, ಹಾಗಿದ್ದರೆ ರಾಡ್ ಉಳಿದಿದೆ. ತಿರುಗಿಸಿದಾಗ ಎಷ್ಟು ನೀರು ಬಂತು ಅಂತ ಇಲ್ಲೇ ಬರೆಯಿರಿ, ನೋಡುತ್ತಿರುತ್ತೇನೆ.