ಅನಿಲವನ್ನು ನಿಧಾನವಾಗಿ ಒತ್ತಿದರೆ ಕನಿಷ್ಠ ಕೆಲಸ ಸಾಕು ಎನ್ನುತ್ತಾರೆ. ಎಷ್ಟು ನಿಧಾನ? ಅನಂತ ಕಾಲ ಬೇಕಾದರೆ ಆ ಸೂತ್ರದಿಂದ ಏನು ಪ್ರಯೋಜನ? ಇದು ನಿಮ್ಮ ಪ್ರಶ್ನೆ.

‘ಎಷ್ಟು ನಿಧಾನ’ ಎಂಬ ಇದೇ ಪ್ರಶ್ನೆಯನ್ನು ಹಿಡಿದುಕೊಂಡು ಹೋಗಿ ನಾನು ನನ್ನ ಮೊದಲ ಕೆಲಸವನ್ನು ಕಳೆದುಕೊಂಡೆ. ಪುಣೆಯ ಭೋಸರಿಯಲ್ಲಿ ಒಂದು ಸಣ್ಣ ಕಾರ್ಖಾನೆ. ಮಾಲೀಕರು ಬಾಗಲಕೋಟೆ ಕಡೆಯವರು, ಊರ ಕಡೆಯ ಹುಡುಗನೆಂದು ನನ್ನ ಮೇಲೆ ವಿಶ್ವಾಸವಿತ್ತು. ವಿದ್ಯುತ್ ಬಿಲ್ಲಿನಲ್ಲಿ ದೊಡ್ಡ ಪಾಲು ಗಾಳಿಯನ್ನು ಒತ್ತಿ ಟ್ಯಾಂಕಿಗೆ ತುಂಬುವ ಕಂಪ್ರೆಸರಿನದು. ಅದನ್ನು ಇಳಿಸುವ ದಾರಿ ನೋಡು ಎಂದರು.

ಪ್ರಕ್ರಿಯೆ ನಿಧಾನವಾದಷ್ಟೂ ವ್ಯರ್ಥವಾಗುವ ಕೆಲಸ ಕಾಲಕ್ಕೆ ವಿಲೋಮವಾಗಿ ಇಳಿಯುತ್ತದೆ ಎಂದು ಓದಿದ್ದೆ. ಮೋಟರಿನ ಪುಲ್ಲಿ ಬದಲಿಸಿ, ನಿಮಿಷಕ್ಕೆ 700 ಸುತ್ತು ತಿರುಗುತ್ತಿದ್ದ ಯಂತ್ರವನ್ನು 350ಕ್ಕೆ ತಂದೆ. ವೇಗ ಅರ್ಧವಾದರೆ ನಷ್ಟವೂ ಅರ್ಧವಾಗಬೇಕು ಎಂಬುದು ನನ್ನ ಲೆಕ್ಕ.

ತಪ್ಪು ಎಲ್ಲಿತ್ತೆಂದು ಬಿಡಿಸಿಯೇ ಹೇಳಬೇಕು, ಏಕೆಂದರೆ ನಿಮ್ಮ ಪ್ರಶ್ನೆಯಲ್ಲೂ ಅದೇ ಇದೆ. ಸಿಲಿಂಡರಿನೊಳಗೆ ಎರಡು ಗಡಿಯಾರಗಳು ಓಡುತ್ತಿರುತ್ತವೆ. ಒಂದು ಒತ್ತಡದ್ದು. ಒತ್ತಡದ ಏರುಪೇರು ಶಬ್ದದ ವೇಗದಲ್ಲಿ, ಸೆಕೆಂಡಿಗೆ ಸುಮಾರು 340 ಮೀಟರಿನಂತೆ ಹರಡುತ್ತದೆ; 10 ಸೆಂಟಿಮೀಟರ್ ದಾಟಲು ಒಂದು ಮಿಲಿಸೆಕೆಂಡೂ ಬೇಡ. ಇನ್ನೊಂದು ಶಾಖದ್ದು. ಒಳಗಿನ ಗಾಳಿಯ ಬಿಸಿ ಗೋಡೆಗೆ ಇಳಿದು ತಾಪ ಸಮವಾಗಲು ಸೆಕೆಂಡುಗಳೇ ಹಿಡಿಯುತ್ತವೆ. 700 ಸುತ್ತಿನಲ್ಲಿ ಪಿಸ್ಟನ್ ಒಮ್ಮೆ ಮೇಲೇರಲು ಸುಮಾರು 43 ಮಿಲಿಸೆಕೆಂಡು; 350ರಲ್ಲಿ 86. ಒತ್ತಡದ ಮಟ್ಟಿಗೆ ಯಂತ್ರ ಮೊದಲೇ ಸಾಕಷ್ಟು ನಿಧಾನವಾಗಿತ್ತು. ಶಾಖದ ಮಟ್ಟಿಗೆ ಎರಡು ವೇಗಗಳೂ ತೀರಾ ಅವಸರದವು. ಕಾಲಕ್ಕೆ ವಿಲೋಮ ಎಂಬ ನಿಯಮ ನಡೆಯುವುದು ಪ್ರಕ್ರಿಯೆಯ ಕಾಲ ಎರಡನೆಯ ಗಡಿಯಾರವನ್ನೂ ಬಹಳ ಮೀರಿದಾಗ ಮಾತ್ರ. ನಾನು ಅದರ ಹತ್ತಿರವೂ ಇರಲಿಲ್ಲ.

ಬದಲಿಗೆ ಆದದ್ದೇನು? ಪಿಸ್ಟನ್ನಿನ ಸುತ್ತಲಿನ ರಿಂಗುಗಳ ಸಂದಿಯಿಂದ ಗಾಳಿ ಸೋರಲು ಎರಡರಷ್ಟು ಸಮಯ ಸಿಕ್ಕಿತು. ಟ್ಯಾಂಕ್ ತುಂಬದೆ ಮೋಟರಿಗೆ ಬಿಡುವೇ ಇಲ್ಲದಾಯಿತು. ಆ ಯಂತ್ರದಲ್ಲಿ ಎಣ್ಣೆ ಚಿಮ್ಮುವುದು ತಿರುಗುವ ವೇಗದಿಂದಲೇ. ವೇಗ ಇಳಿದು, ಎಣ್ಣೆ ಸಾಲದೆ ಬೇರಿಂಗ್ ಸುಟ್ಟಿತು. ಉತ್ಪಾದನೆ ನಿಂತಿತು, ನಾನು ಹೊರಬಿದ್ದೆ.

ಸೊಲ್ಲಾಪುರದ ಕಡೆಯ ಹಿರಿಯ ಫಿಟರ್ ಒಬ್ಬರಿದ್ದರು, ನಮಗೆಲ್ಲ ಕಾಕಾ. ‘ತಮ್ಮಾ, ಪೈಪು ಇಷ್ಟು ಸುಡುತ್ತಿದೆ, ನೀನು ಪುಲ್ಲಿ ನೋಡುತ್ತಿದ್ದೀಯಲ್ಲ’ ಎಂದು ಅವರು ಮೊದಲೇ ಹೇಳಿದ್ದರು. ಆ ಯಂತ್ರ ಗಾಳಿಯನ್ನು ಎರಡು ಹಂತಗಳಲ್ಲಿ ಒತ್ತುತ್ತಿತ್ತು; ನಡುವೆ ಗಾಳಿಯನ್ನು ತಣಿಸುವ ಇಂಟರ್‌ಕೂಲರ್ ಎಣ್ಣೆ, ದೂಳಿನಿಂದ ಮುಚ್ಚಿಹೋಗಿತ್ತು. ನಷ್ಟ ಇದ್ದದ್ದು ಅಲ್ಲಿ. 300 ಕೆಲ್ವಿನ್‌ನ (ಸುಮಾರು 27 ಡಿಗ್ರಿ ಸೆಲ್ಸಿಯಸ್) ಒಂದು ಮೋಲ್ (ಸುಮಾರು 29 ಗ್ರಾಂ) ಗಾಳಿಯನ್ನು ಎಂಟು ಪಟ್ಟು ಒತ್ತಡಕ್ಕೆ ಏರಿಸಲು, ತಾಪ ಏರಲು ಬಿಡದಿದ್ದರೆ, ಬೇಕಾದ ಕನಿಷ್ಠ ಕೆಲಸ ಸುಮಾರು 5.2 ಕಿಲೋಜೂಲ್. ಶಾಖ ಹೊರಹೋಗದಂತೆ ಒಂದೇ ಹಂತದಲ್ಲಿ ಒತ್ತಿದರೆ 7.1, ಗಾಳಿ ಸುಮಾರು 270 ಡಿಗ್ರಿ ಸೆಲ್ಸಿಯಸ್‌ಗೆ ಕಾಯುತ್ತದೆ. ಎರಡು ಹಂತ ಮಾಡಿ ನಡುವೆ ಪೂರ್ತಿ ತಣಿಸಿದರೆ 6.0.

ಆದ್ದರಿಂದ ‘ಎಷ್ಟು ನಿಧಾನ’ ಎಂದು ಕೇಳುವುದನ್ನು ಬಿಡಿ. ನಿಧಾನವೇ ಗುಣವಲ್ಲ. ಸೂಜಿಮೊನೆಯ ರಂಧ್ರದಿಂದ ಸಿಲಿಂಡರಿನ ಅನಿಲ ದಿನಗಟ್ಟಲೆ ನಿರ್ವಾತಕ್ಕೆ ಸೋರಲಿ; ಅಷ್ಟು ನಿಧಾನವಾಗಿಯೂ ಅದರಿಂದ ಒಂದು ಜೂಲ್ ಕೆಲಸವೂ ಸಿಗುವುದಿಲ್ಲ, ಎಂಟ್ರೊಪಿ (ಶಕ್ತಿ ಕೆಲಸಕ್ಕೆ ಬಾರದಂತೆ ಚದುರಿದ್ದರ ಅಳತೆ) ಮಾತ್ರ ಪೂರ್ತಿ ಏರುತ್ತದೆ. ಒತ್ತಡದ ವ್ಯತ್ಯಾಸ, ತಾಪದ ವ್ಯತ್ಯಾಸ ಎಲ್ಲಿ ಉಳಿದಿದೆ ಎಂದು ಹುಡುಕಿ. ಅದನ್ನು ಕಿರಿದಾಗಿಸುವ ಹಲವು ದಾರಿಗಳಲ್ಲಿ ನಿಧಾನವೂ ಒಂದು, ಅಷ್ಟೇ.

ಅನಂತ ಕಾಲದ ಸೂತ್ರದ ಪ್ರಯೋಜನವೂ ಇಲ್ಲೇ ಇದೆ. ಆ 5.2 ಯಾವ ಯಂತ್ರದ್ದೂ ಅಲ್ಲ. ಆರಂಭ ಮತ್ತು ಕೊನೆಯ ಸ್ಥಿತಿಗಳಷ್ಟೇ ಅದನ್ನು ನಿರ್ಧರಿಸುತ್ತವೆ. ಅದು ಗೊತ್ತಿಲ್ಲದಿದ್ದರೆ 6.0 ಒಳ್ಳೆಯದೋ ಕೆಟ್ಟದ್ದೋ ಹೇಳಲಾಗುವುದಿಲ್ಲ. ಇದೇ ಲೆಕ್ಕವನ್ನು ಮೂರು ಹಂತಗಳಿಗೆ ನೀವೇ ಮಾಡಿ. ಸುಮಾರು 5.7 ಬರುತ್ತದೆ, ಪಿಸ್ಟನ್ನಿನ ವೇಗವನ್ನು ನೀವು ಎಲ್ಲಿಯೂ ಬರೆದಿರುವುದಿಲ್ಲ.